ಮಗನನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ

ಮೈಸೂರಿನಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಎಂಟೂವರೆ ವರ್ಷ. ಖಾಸಗಿ ಆಂಗ್ಲ ಮಾಧ್ಯಮ ಶಾಲೆಯೊಂದರಲ್ಲಿ ಮೂರನೆಯ ತರಗತಿ ಮುಗಿಸುತ್ತಿದ್ದಾನೆ. ಬೆಳಿಗ್ಗೆ 7.20ಕ್ಕೆ ವ್ಯಾನ್ ಹತ್ತಿದರೆ ಮನೆಗೆ ಮರಳುವುದು ಸಂಜೆ 4.15ಕ್ಕೆ, ಆಮೇಲೆ ಒಂದು ಗಂಟೆ ಟ್ಯೂಷನ್, ಅದಾದ ಮೇಲೆ ಹೋಂವರ್ಕ್. ಮಾತು ಕಲಿತ ದಿನದಿಂದ ಪ್ರಶ್ನೆ ಕೇಳುತ್ತಲೇ ಇದ್ದ ಹುಡುಗ ಕಳೆದ ಒಂದು ವರ್ಷದಿಂದ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದ್ದಾನೆ. ಸೋಮವಾರ ಬೆಳಿಗ್ಗೆ ತಪ್ಪದೆ ಹೊಟ್ಟೆನೋವು ಬರುತ್ತದೆ. ವೈದ್ಯರು ಪರೀಕ್ಷಿಸಿ ಹೊಟ್ಟೆಯಲ್ಲಿ ಏನೂ ತೊಂದರೆಯಿಲ್ಲ ಎಂದರು. ಪೋಷಕರ ಸಭೆಯಲ್ಲಿ ಪ್ರತಿ ಬಾರಿಯೂ ನನಗೆ ಸಿಗುವ ಉತ್ತರ, ‘ಹುಡುಗ ನಿಧಾನ, ಮನೆಯಲ್ಲಿ ಇನ್ನಷ್ಟು ಓದಿಸಿ’ ಎಂಬುದು. ಅದೇ ಹುಡುಗ ಭಾನುವಾರ ಕಾರಂಜಿಕೆರೆಯ ದಂಡೆಯಲ್ಲಿ ಎರಡು ಗಂಟೆ ಅಲುಗಾಡದೆ ಕುಳಿತು ಹೆಜ್ಜಾರ್ಲೆಗಳನ್ನು ನೋಡುತ್ತಾನೆ.

ನಾನು ಬಿ.ಎಸ್ಸಿ. ಓದಿದ್ದೇನೆ, ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಯಜಮಾನರಿಗೆ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ಹೋಮ್‌ಸ್ಕೂಲಿಂಗ್ ಬಗ್ಗೆ ಓದಿದ ಮೇಲೆ ಮನಸ್ಸು ಆ ಕಡೆಗೆ ಎಳೆಯುತ್ತಿದೆ. ಅತ್ತೆಯವರು, ‘ಶಾಲೆಗೇ ಹೋಗದ ಹುಡುಗನಿಗೆ ನಾಳೆ ಯಾರು ಕೆಲಸ ಕೊಡುತ್ತಾರೆ?’ ಎಂದು ಕೇಳುತ್ತಾರೆ, ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಕಾನೂನು ಇದಕ್ಕೆ ಒಪ್ಪುತ್ತದೆಯೇ, ಮುಂದೆ ಪರೀಕ್ಷೆ ಬರೆಯುವುದು ಹೇಗೆ, ಜೊತೆಗಾರರಿಲ್ಲದೆ ಮಗು ಒಂಟಿಯಾಗುವುದಿಲ್ಲವೇ, ಇಷ್ಟಕ್ಕೂ ಇದರಿಂದ ನಿಜವಾಗಿ ಆಗುವ ಲಾಭವೇನು ಎಂಬುದನ್ನು ಅನುಭವದಿಂದ ಬಲ್ಲವರು ಹೇಳಿದರೆ ಉಪಕಾರವಾಗುತ್ತದೆ.

ಸಾಗರ ತಾಲ್ಲೂಕಿನಿಂದ, ಇಬ್ಬರು ಮಕ್ಕಳ ತಾಯಿ

ತಂಗೀ, ನಿಮ್ಮ ಪತ್ರ ಓದಿ ಒಂಬತ್ತು ವರ್ಷ ಹಿಂದಿನ ನನ್ನನ್ನೇ ಕಂಡಂತಾಯಿತು. ನಮ್ಮ ಮಗಳು ಎರಡನೆಯ ತರಗತಿಯಲ್ಲಿದ್ದಾಗ ಶಾಲೆ ಬಿಡಿಸಿದೆವು, ಮಗ ಶಾಲೆಯ ಮೆಟ್ಟಿಲನ್ನೇ ಹತ್ತಲಿಲ್ಲ. ಮೊದಲಿಗೆ ಒಂದು ಮಾತನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ನೆಂಟರಿಷ್ಟರು ಇಂದಿಗೂ ಅದನ್ನು ಬೆರೆಸಿಯೇ ಮಾತನಾಡುತ್ತಾರೆ. ಮನೆಪಾಠ ಬೇರೆ, ಮನೆಶಾಲೆ ಬೇರೆ. ಶಾಲೆಯಲ್ಲಿ ಉಳಿದುಹೋದದ್ದನ್ನು ಸಂಜೆ ತುಂಬಿಸುವುದು ಮನೆಪಾಠ. ಮಗು ಏನನ್ನು, ಯಾವಾಗ, ಎಷ್ಟು ಹೊತ್ತು ಕಲಿಯಬೇಕೆಂಬುದನ್ನು ಆ ಮಗುವನ್ನೇ ನೋಡಿ ತೀರ್ಮಾನಿಸುವುದು ಮನೆಶಾಲೆ. ಈ ವ್ಯತ್ಯಾಸ ತಿಳಿಯದೆ ನಾನು ಮೊದಲ ಮೂರು ತಿಂಗಳು ಗೋಡೆಗೆ ವೇಳಾಪಟ್ಟಿ ಅಂಟಿಸಿ, 40 ನಿಮಿಷದ ಪೀರಿಯಡ್ ಮಾಡಿ, ಮಗಳನ್ನು ಅಳಿಸಿದೆ. ಶಾಲೆಯಲ್ಲಿ ಅವಳಿಗೆ ಯಾವುದು ಭಾರವಾಗಿತ್ತೋ ಅದನ್ನೇ ಮನೆಗೆ ತಂದಿದ್ದೆ, ಅಲ್ಲಿದ್ದ ಗೆಳತಿಯರು ಮಾತ್ರ ಇಲ್ಲಿರಲಿಲ್ಲ. ನೀವು ಆ ತಪ್ಪು ಮಾಡಬೇಡಿ. ಶಾಲೆ ಬಿಡಿಸಿದ ಮೇಲೆ ಕೆಲವು ತಿಂಗಳು ಮಗುವಿನ ಮನಸ್ಸು ತಿಳಿಯಾಗಲು ಬಿಡಿ.

ಇನ್ನು ಲಾಭದ ಮಾತು. ನನ್ನನ್ನು ಕೇಳಿದರೆ ಮೊದಲ ಲಾಭ ಸಮಯ, ಉಳಿದ ಲಾಭಗಳೆಲ್ಲ ಅದರ ಹಿಂದೆಯೇ ಬರುತ್ತವೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಬೋಧನೆ ಎಂದಿದೆ, ಅಂದರೆ ದಿನಕ್ಕೆ ನಾಲ್ಕು ಗಂಟೆ. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂಬುದೂ ಅದೇ ಕಾಯ್ದೆಯ ಅಳತೆ. ಆ ನಾಲ್ಕು ಗಂಟೆಯಲ್ಲಿ ಹಾಜರಿ, ಸಾಲು, ಗಲಾಟೆ, ಮತ್ತೊಮ್ಮೆ ವಿವರಣೆ ಎಲ್ಲವೂ ಸೇರಿರುತ್ತವೆ. ಶಿಕ್ಷಕರು ಎಷ್ಟೇ ಒಳ್ಳೆಯವರಾದರೂ ಒಂದು ಮಗುವಿನ ಪಕ್ಕ ಕೂರಲು ಅವರಿಗೆ ಕೆಲವೇ ನಿಮಿಷ ಸಿಗುತ್ತದೆ. ಒಬ್ಬಳೇ ಮಗಳ ಪಕ್ಕದಲ್ಲಿ ತಾಯಿಯೋ ತಂದೆಯೋ ಕುಳಿತರೆ ಓದು, ಬರಹ, ಲೆಕ್ಕ ಮೂರೂ ಒಂದೂವರೆ ಎರಡು ಗಂಟೆಯಲ್ಲಿ ಮುಗಿಯುತ್ತವೆ ಎಂಬುದು ನಮ್ಮ ಅನುಭವ. ವ್ಯಾನಿನ ಸಮಯವೂ ಉಳಿಯಿತು. ಉಳಿದ ದಿನ ಪೂರ್ತಿ ಅವಳದು.

ಆ ಸಮಯದಲ್ಲಿ ಏನಾಯಿತು ಎಂದರೆ, ಭಿನ್ನರಾಶಿಯನ್ನು ನಮ್ಮ ಮಗಳು ಕಲಿತದ್ದು ಅಡುಗೆಮನೆಯಲ್ಲಿ. ಅಜ್ಜಿಯ ಹಿತ್ತಾಳೆಯ ಸೇರು, ಅಚ್ಚೇರು, ಪಾವುಗಳನ್ನು ಸಾಲಾಗಿಟ್ಟು ಅಕ್ಕಿ ಅಳೆದಳು. ನಾಲ್ಕು ಪಾವು ಒಂದು ಸೇರು, ಎರಡು ಪಾವು ಅಚ್ಚೇರು, ಹಾಗಾದರೆ ಅಚ್ಚೇರಿನಲ್ಲಿ ಅರ್ಧ ತೆಗೆದರೆ ಸೇರಿನ ಎಷ್ಟನೆಯ ಭಾಗ? ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳು ಅಜ್ಜಿಗೆ ಇಂದಿಗೂ ಬಾಯಿಪಾಠವಿದ್ದವು, ಅವರು ರಾಗವಾಗಿ ಹೇಳಿಕೊಟ್ಟರು. ಪುಸ್ತಕದಲ್ಲಿ 3/4 ಎಂಬ ಬರಹ ಕಂಡಾಗ ಅವಳು ಅದನ್ನು ‘ಮೂರು ಪಾವು’ ಎಂದೇ ಓದಿದಳು. ಅಡಿಕೆ ಕೊಯ್ಲಿನ ಕಾಲದಲ್ಲಿ ಮಕ್ಕಳಿಬ್ಬರೂ ಹಸಿ ಅಡಿಕೆಯನ್ನು ತೂಗಿ, ಸುಲಿದು ಬೇಯಿಸಿ ಒಣಗಿಸಿದ ಮೇಲೆ ಮತ್ತೆ ತೂಗಿ, ಎಷ್ಟು ತೂಕ ಇಳಿಯಿತೆಂದು ಶೇಕಡಾ ಲೆಕ್ಕ ಹಾಕಿದರು. ಮೂರು ವರ್ಷದ ಆ ಲೆಕ್ಕದ ಪುಸ್ತಕವನ್ನು ನಮ್ಮ ಯಜಮಾನರು ಮಂಡಿಗೆ ಹೋಗುವಾಗ ಜೊತೆಗೊಯ್ಯತೊಡಗಿದರು.

ಎರಡನೆಯ ಲಾಭ, ಮಗುವಿನ ವೇಗಕ್ಕೆ ಸಿಗುವ ಗೌರವ. ಮಗಳು ಆರನೆಯ ವಯಸ್ಸಿನಲ್ಲೇ ಸರಾಗವಾಗಿ ಓದುತ್ತಿದ್ದಳು. ಮಗನಿಗೆ ಓದು ಕೈಹತ್ತಿದ್ದು ಒಂಬತ್ತು ತುಂಬುವ ಹೊತ್ತಿಗೆ. ಶಾಲೆಯಲ್ಲಿದ್ದಿದ್ದರೆ ಆ ಮೂರು ವರ್ಷ ಅವನನ್ನು ‘ದಡ್ಡ’ ಎಂದು ಕರೆಯುತ್ತಿದ್ದರು, ಅವನೂ ಅದನ್ನು ನಂಬುತ್ತಿದ್ದ. ಮನೆಯಲ್ಲಿ ಆ ಮಾತು ಅವನ ಕಿವಿಗೆ ಬೀಳಲಿಲ್ಲ. ಹತ್ತನೆಯ ವಯಸ್ಸಿಗೆ ಪಂಚಾಯಿತಿ ಗ್ರಂಥಾಲಯದ ಮಕ್ಕಳ ಕಪಾಟನ್ನು ಓದಿ ಮುಗಿಸಿದ. ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಕಾಯುವುದು ಸರಿ, ಕಣ್ಣು ಮುಚ್ಚಿ ಕಾಯುವುದು ಸರಿಯಲ್ಲ. ಅವನಿಗೆ ಎಂಟಾದಾಗ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಡಿಸ್‌ಲೆಕ್ಸಿಯಾ, ಅಂದರೆ ಅಕ್ಷರ ಗುರುತಿಸಿ ಓದಲು ತೊಡಕಾಗುವ ಸಮಸ್ಯೆ ಇದೆಯೇ ಎಂದೂ ತಜ್ಞರಲ್ಲಿ ನೋಡಿಸಿದ್ದೆವು. ನಿಮ್ಮ ಮಗನ ಹೊಟ್ಟೆನೋವಿನ ಹಿಂದೆ ಏನಿದೆ ಎಂಬುದನ್ನೂ ಶಾಲೆ ಬಿಡಿಸುವ ಮೊದಲು ಅವನ ಬಾಯಿಂದಲೇ ತಿಳಿಯಲು ಪ್ರಯತ್ನಿಸಿ. ಯಾರಾದರೂ ಹೆದರಿಸುತ್ತಿದ್ದಾರೆಯೇ, ಹೊಡೆಯುತ್ತಿದ್ದಾರೆಯೇ ಎಂಬುದು ಮೊದಲು ಗೊತ್ತಾಗಬೇಕು.

ಹಾವೇರಿ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕ

ಸಾಗರದ ಅಕ್ಕನವರ ಅನುಭವದ ಬಗ್ಗೆ ನನಗೆ ಗೌರವವಿದೆ, ಆದರೂ ಇನ್ನೊಂದು ಮಗ್ಗುಲನ್ನು ಹೇಳಲೇಬೇಕು. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ವಿದ್ಯಾಗಮ ಕಾರ್ಯಕ್ರಮದಡಿ ನಾವು ಊರಿನ ಗುಡಿಯ ಕಟ್ಟೆ, ಮನೆಯ ಜಗಲಿಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದೆವು. ಆಗ ಕಣ್ಣಾರೆ ಕಂಡದ್ದು ಇಷ್ಟು: ಓದು ಬಲ್ಲ ತಂದೆತಾಯಿಗಳಿರುವ ಮನೆಯ ಮಕ್ಕಳು ಮುಂದೆ ಹೋದರು, ತಾಯಿ ತಂದೆ ಇಬ್ಬರೂ ಕೂಲಿಗೆ ಹೋಗುವ ಮನೆಯ ಮಕ್ಕಳು ಕಲಿತ ಒತ್ತಕ್ಷರವನ್ನೂ ಮರೆತರು. ಮನೆ ಶಾಲೆಯಾಗಬೇಕಾದರೆ ಆ ಮನೆಯಲ್ಲಿ ಬಿಡುವಿರುವ, ಓದಿರುವ ಒಬ್ಬರು ಇರಬೇಕು. ಎಲ್ಲರಿಗೂ ಆ ಅನುಕೂಲವಿಲ್ಲ ಎಂಬುದನ್ನು ನಾವು ಮರೆಯಬಾರದು.

ಎರಡನೆಯದಾಗಿ, ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟಕ್ಕೆ ಎಲ್ಲ ಕೇರಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಹೊರಗೆ ಒಬ್ಬರ ಮನೆಯ ಒಳಗೆ ಇನ್ನೊಬ್ಬರು ಕಾಲಿಡದ ಊರಿನಲ್ಲಿ ಆ ಒಂದು ಸಾಲಿಗೆ ಇರುವ ಬೆಲೆಯನ್ನು ನಾನು 22 ವರ್ಷಗಳಿಂದ ನೋಡುತ್ತಿದ್ದೇನೆ. ಮನೆಯಲ್ಲೇ ಕಲಿಯುವ ಮಗುವಿಗೆ ಗೆಳೆಯರು ಸಿಗಬಹುದು, ಆದರೆ ಆ ಗೆಳೆಯರು ತಂದೆತಾಯಿಗಳು ಆರಿಸಿದವರ ಮಕ್ಕಳೇ ಆಗಿರುತ್ತಾರೆ. ಇದಕ್ಕೆ ಮನೆಶಾಲೆಯವರು ಉತ್ತರ ಹುಡುಕಬೇಕು.

ಮೈಸೂರಿನ ತಾಯಿಯವರಿಗೆ ನನ್ನ ಸಲಹೆ: ಶಾಲೆಯನ್ನೇ ಬಿಡಿಸುವ ಮುನ್ನ ನಿಮ್ಮ ಬಡಾವಣೆಯ ಸರ್ಕಾರಿ ಶಾಲೆಗೊಮ್ಮೆ ಹೋಗಿ ನೋಡಿ. ನಿಮ್ಮದೇ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶಿಕ್ಷಕರೇ ಸೇರಿ ಕಟ್ಟಿದ ‘ನಲಿ–ಕಲಿ’ ಪದ್ಧತಿ ಇಂದು ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಲ್ಲಿದೆ. ಕಲಿಕಾ ಏಣಿ, ಕಾರ್ಡುಗಳು, ಗುಂಪುಗಳ ಮೂಲಕ ಮಗು ತನ್ನ ವೇಗದಲ್ಲಿ ಮೈಲಿಗಲ್ಲು ದಾಟಬೇಕೆಂಬುದೇ ಅದರ ತಿರುಳು. ಹತ್ತು ದಿನ ರಜೆ ಹಾಕಿ ಬಂದ ಮಗು ತಾನು ನಿಲ್ಲಿಸಿದ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಅಕ್ಕನವರು ‘ಮಗುವಿನ ವೇಗ’ ಎಂದು ಹೇಳಿದ್ದನ್ನು ನಾವು ಶಾಲೆಯ ಒಳಗೇ ಮಾಡಲು ಹೆಣಗುತ್ತಿದ್ದೇವೆ.

ಬೆಂಗಳೂರಿನಿಂದ, ವಕೀಲ

ಕಾನೂನಿನ ಪ್ರಶ್ನೆಗೆ ಉತ್ತರಿಸುತ್ತೇನೆ. 2002ರ 86ನೆಯ ತಿದ್ದುಪಡಿಯು ಸಂವಿಧಾನಕ್ಕೆ 21ಎ ವಿಧಿಯನ್ನು ಸೇರಿಸಿ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಅದೇ ತಿದ್ದುಪಡಿ 51ಎ(ಕೆ) ಮೂಲಕ ಮಕ್ಕಳಿಗೆ ಶಿಕ್ಷಣದ ಅವಕಾಶ ಒದಗಿಸುವುದು ತಂದೆತಾಯಿಗಳ ಕರ್ತವ್ಯ ಎಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ 10ನೆಯ ಪ್ರಕರಣವು ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಆದರೆ ಸೇರಿಸದ ಪೋಷಕರಿಗೆ ಆ ಕಾಯ್ದೆಯಲ್ಲಿ ದಂಡವನ್ನಾಗಲೀ ಶಿಕ್ಷೆಯನ್ನಾಗಲೀ ಹೇಳಿಲ್ಲ. ಸಾಮಾನ್ಯ ಮಕ್ಕಳ ಮನೆಶಾಲೆಯನ್ನು ಈ ಕಾಯ್ದೆ ಹೆಸರಿಸಿ ಒಪ್ಪಿಲ್ಲ, ಹೆಸರಿಸಿ ನಿಷೇಧಿಸಿಯೂ ಇಲ್ಲ. ಮನೆಯಲ್ಲೇ ಕಲಿಯುವ ಆಯ್ಕೆಯನ್ನು ಅದು ಸ್ಪಷ್ಟವಾಗಿ ಕೊಟ್ಟಿರುವುದು ತೀವ್ರ ಹಾಗೂ ಬಹುವಿಧ ಅಂಗವೈಕಲ್ಯವಿರುವ ಮಕ್ಕಳಿಗೆ, ಅದೂ 2012ರ ತಿದ್ದುಪಡಿಯ ಮೂಲಕ. ಆದ್ದರಿಂದ ‘ಇದು ಪೂರ್ಣ ಕಾನೂನುಬದ್ಧ’ ಎನ್ನುವವರನ್ನೂ ‘ಇದು ಅಪರಾಧ’ ಎನ್ನುವವರನ್ನೂ ಹಾಗೆಯೇ ನಂಬಬೇಡಿ.

ಪೋಷಕರಿಗೆ ಧೈರ್ಯ ಕೊಡುವ ಅಂಶವೂ ಇದೇ ಕಾಯ್ದೆಯಲ್ಲಿದೆ. ಮನೆಯಲ್ಲಿ ಕಲಿಸುವುದು ಒಗ್ಗದಿದ್ದರೆ 4ನೆಯ ಪ್ರಕರಣದ ಪ್ರಕಾರ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ವರ್ಗಾವಣೆ ಪತ್ರ ತಡವಾಯಿತೆಂದೋ, ವರ್ಷದ ನಡುವೆ ಬಂದರೆಂದೋ ಪ್ರವೇಶ ನಿರಾಕರಿಸುವಂತಿಲ್ಲ. ಶಾಲೆ ಬಿಡಿಸಿದರೆ ಮತ್ತೆ ಬಾಗಿಲು ತೆರೆಯುವುದಿಲ್ಲ ಎಂಬ ಭಯದಿಂದ ಯಾರೂ ತೀರ್ಮಾನ ಕೈಗೊಳ್ಳಬೇಕಾಗಿಲ್ಲ.

ಪರೀಕ್ಷೆಗೆ ಇರುವ ಮುಖ್ಯ ದಾರಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಜನರ ಬಾಯಲ್ಲಿ ಎನ್‌ಐಒಎಸ್. 1989ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಈ ಸಂಸ್ಥೆಗೆ ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರವಿದೆ. 3, 5, 8ನೆಯ ತರಗತಿಗಳಿಗೆ ಸಮಾನವಾದ ಎ, ಬಿ, ಸಿ ಹಂತಗಳಿವೆ. ಹತ್ತನೆಯ ತರಗತಿಗೆ ಸಮಾನವಾದ ಸೆಕೆಂಡರಿ ಕೋರ್ಸಿಗೆ 14 ವರ್ಷ ತುಂಬಿರಬೇಕು, ಎಂಟನೆಯ ತರಗತಿಯ ಪ್ರಮಾಣಪತ್ರವಿಲ್ಲದವರು ಆ ಮಟ್ಟದವರೆಗೆ ಕಲಿತಿದ್ದೇನೆಂದು ಸ್ವಯಂ ದೃಢೀಕರಣ ಕೊಟ್ಟು ಸೇರಬಹುದು.

ಇನ್ನು ಯಾರೂ ಮೊದಲೇ ಹೇಳದ, ಆಮೇಲೆ ಕಾಡುವ ಸಂಗತಿಯೊಂದಿದೆ. ಕರ್ನಾಟಕದ ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಸೇರುವವರಲ್ಲಿ ಹೆಚ್ಚಿನವರು ಅರ್ಹತೆ ಪಡೆಯುವುದು ರಾಜ್ಯದಲ್ಲಿ ಕನಿಷ್ಠ ಏಳು ವರ್ಷ ವ್ಯಾಸಂಗ ಮಾಡಿದ್ದಾರೆಂಬ ಕಲಂನಡಿ, ಅದಕ್ಕೆ ಶಾಲೆಗಳು ಕೊಟ್ಟ ವ್ಯಾಸಂಗ ಪ್ರಮಾಣಪತ್ರ ಬೇಕು. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿಗಳಿಗೆ ಒಂದರಿಂದ ಹತ್ತರವರೆಗಿನ ಓದಿನ ದಾಖಲೆ ಕೇಳುತ್ತಾರೆ. ಮನೆಯಲ್ಲಿ ಕಲಿತ ಮಗುವಿಗೆ ಆ ಕಾಗದ ಇರುವುದಿಲ್ಲ. ಬೇರೆ ಕಲಂಗಳೂ ಇವೆ, ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯನ್ನು ಈಗಲೇ ಒಮ್ಮೆ ಓದಿಕೊಳ್ಳಿ. 2018ರಲ್ಲಿ ಮುಕ್ತ ಶಾಲೆಯವರಿಗೆ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ ಬಾಗಿಲನ್ನೇ ಮುಚ್ಚುವ ಷರತ್ತು ಬಂದಿತ್ತು, ದೆಹಲಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ನಿಯಮಗಳು ಹೀಗೆ ಬದಲಾಗುತ್ತಿರುತ್ತವೆ, ಕಣ್ಣಿಟ್ಟಿರಬೇಕು.

ಉಡುಪಿಯಿಂದ, ಮನೆಯಲ್ಲೇ ಕಲಿತ ಪದವಿ ವಿದ್ಯಾರ್ಥಿನಿ

ಇಲ್ಲಿಯವರೆಗೆ ದೊಡ್ಡವರು ಮಾತನಾಡಿದ್ದಾರೆ. ನಾನು ಐದನೆಯ ತರಗತಿಯಿಂದ ಮನೆಯಲ್ಲಿ ಕಲಿತವಳು, ಈಗ ನನಗೆ 19 ವರ್ಷ. ಹತ್ತನೆಯ ತರಗತಿಯನ್ನು ಎನ್‌ಐಒಎಸ್‌ನಲ್ಲಿ ಎರಡು ಕಂತಿನಲ್ಲಿ ಮುಗಿಸಿದೆ. ಏಪ್ರಿಲ್‌ನಲ್ಲಿ ಕನ್ನಡ, ಇಂಗ್ಲಿಷ್. ಅಕ್ಟೋಬರ್‌ನಲ್ಲಿ ಗಣಿತ, ವಿಜ್ಞಾನ, ಚಿತ್ರಕಲೆ. ಐದು ವರ್ಷದೊಳಗೆ ಒಂಬತ್ತು ಬಾರಿ ಬರೆಯಬಹುದು, ಒಮ್ಮೆ ಪಾಸಾದ ವಿಷಯ ಹಾಗೆಯೇ ಉಳಿಯುತ್ತದೆ ಎಂಬ ಕಾರಣಕ್ಕೆ ಪರೀಕ್ಷೆ ನನಗೆ ಭೂತದಂತೆ ಕಾಣಲಿಲ್ಲ. ಬೆಳಗಿನ ಹೊತ್ತು ಓದು, ಮಧ್ಯಾಹ್ನ ಮದ್ದಳೆ ಅಭ್ಯಾಸ, ಆಟವಿದ್ದ ರಾತ್ರಿ ಬಯಲಾಟ ನೋಡಿ ಬಂದು ಮರುದಿನ ಹತ್ತು ಗಂಟೆಯವರೆಗೆ ನಿದ್ದೆ. ಶಾಲೆಗೆ ಹೋಗುತ್ತಿದ್ದರೆ ಮದ್ದಳೆ ನನಗೆ ಒಲಿಯುತ್ತಿರಲಿಲ್ಲ. ಗುರುಗಳು ಬಿಡುವಿದ್ದಾಗ ಹೇಳಿಕೊಡುತ್ತಿದ್ದರು, ಅವರ ಬಿಡುವು ಶಾಲೆಯ ಗಂಟೆಗಳ ನಡುವೆಯೇ ಬರುತ್ತಿತ್ತು.

ಒಂಟಿತನದ ಪ್ರಶ್ನೆಯನ್ನು ಮುಚ್ಚಿಡುವುದಿಲ್ಲ. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ನಾನು ತುಂಬ ಒಂಟಿಯಾಗಿದ್ದೆ. ನೆರೆಯ ಹುಡುಗಿಯರು ಸಂಜೆ ಮನೆಗೆ ಬಂದಾಗ ತಮ್ಮ ತರಗತಿಯ ಮಾತನ್ನೇ ಆಡುತ್ತಿದ್ದರು, ಅದರಲ್ಲಿ ನನಗೆ ಜಾಗವಿರಲಿಲ್ಲ. ಅಮ್ಮನಿಗೆ ಅದು ಗೊತ್ತಾಗಲು ಒಂದು ವರ್ಷ ಬೇಕಾಯಿತು. ಆಮೇಲೆ ಅಪ್ಪ ಬೇಸಿಗೆಯ ರಂಗಶಿಬಿರಕ್ಕೆ ಸೇರಿಸಿದರು, ಊರಿನ ವಾಲಿಬಾಲ್ ಅಂಗಳಕ್ಕೆ ದಿನವೂ ಕಳಿಸಿದರು. ಶಿಬಿರದಲ್ಲಿ ಎಂಟು ವರ್ಷದವರಿಂದ ಇಪ್ಪತ್ತರವರೆಗಿನವರು ಒಟ್ಟಿಗೆ ಇದ್ದೆವು. ಹಿರಿಯರೊಡನೆ ಸಂಕೋಚವಿಲ್ಲದೆ ಮಾತನಾಡುವುದನ್ನೂ ಚಿಕ್ಕವರನ್ನು ಸಂಭಾಳಿಸುವುದನ್ನೂ ಕಲಿತದ್ದು ಅಲ್ಲಿ. ಹಾವೇರಿಯ ಮೇಷ್ಟ್ರು ಹೇಳಿದ ಮಾತು ನಿಜ. ವಾಲಿಬಾಲ್ ಅಂಗಳಕ್ಕೆ ಎಲ್ಲ ಮನೆಯ ಮಕ್ಕಳೂ ಬರುತ್ತಿದ್ದರು, ಶನಿವಾರದ ನಮ್ಮ ಮನೆಶಾಲೆಯ ಗುಂಪಿಗೆ ಒಂದೇ ರೀತಿಯ ಮನೆಯವರು ಬರುತ್ತಿದ್ದರು. ಪೋಷಕರು ಅಂಗಳಕ್ಕೆ ಕಳಿಸುವುದನ್ನು ಮರೆಯಬಾರದು.

ಕಾಲೇಜು ಸೇರಿದಾಗ ಗಂಟೆ ಹೊಡೆದ ಕೂಡಲೇ ಅರ್ಧಕ್ಕೆ ಪುಸ್ತಕ ಮುಚ್ಚುವುದು ಬಹಳ ದಿನ ಕಷ್ಟವಾಯಿತು. ಪ್ರಯೋಗಾಲಯದ ಕೆಲಸದಲ್ಲಿ ಹಿಂದಿದ್ದೆ, ಅದನ್ನು ಮನೆಯಲ್ಲಿ ತುಂಬಿಕೊಳ್ಳುವುದು ಸುಲಭವಲ್ಲ. ಆದರೆ ತರಗತಿಯಲ್ಲಿ ಅರ್ಥವಾಗದ್ದನ್ನು ‘ಅರ್ಥವಾಗಲಿಲ್ಲ’ ಎಂದು ಹೇಳಲು ನನಗೆ ಭಯವಿರಲಿಲ್ಲ, ನನ್ನ ಸಹಪಾಠಿಗಳಲ್ಲಿ ಹಲವರಿಗೆ ಇತ್ತು.

ಕಲಬುರಗಿ ಜಿಲ್ಲೆಯಿಂದ, ಮಹಿಳಾ ಸಂಘದ ಕಾರ್ಯಕರ್ತೆ

ನಾನು ಈ ಚರ್ಚೆಯನ್ನು ಬೇರೆಯದೇ ಜಾಗದಲ್ಲಿ ನಿಂತು ಓದುತ್ತಿದ್ದೇನೆ. ನಮ್ಮ ಭಾಗದ ಹಳ್ಳಿಗಳಲ್ಲಿ ‘ಮಗಳು ಮನೆಯಲ್ಲೇ ಕಲಿಯುತ್ತಾಳೆ’ ಎಂಬ ಮಾತಿಗೆ ಬೇರೆ ಅರ್ಥವಿದೆ. ತಮ್ಮನನ್ನು ಎತ್ತಿಕೊಳ್ಳುವುದು, ಹತ್ತಿ ಬಿಡಿಸಲು ಹೋಗುವುದು, ಆಮೇಲೆ ಒಂದು ದಿನ ಸದ್ದಿಲ್ಲದೆ ಮದುವೆ. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರಲ್ಲೇ ಬಂದಿದೆ, ನಮ್ಮ ರಾಜ್ಯ ಅದಕ್ಕೆ ತಿದ್ದುಪಡಿ ತಂದು ಅಂಥ ಮದುವೆಯನ್ನು ಮೊದಲಿನಿಂದಲೇ ಅಸಿಂಧು ಎಂದೂ ಮಾಡಿದೆ. ಆದರೂ ಹುಡುಗಿ ಮೂರು ದಿನ ಬರಲಿಲ್ಲವೆಂದು ಮೊದಲು ಗಮನಿಸುವವರು ಶಾಲೆಯ ಟೀಚರ್. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಇದ್ದರೆ ನಾವು ಮನೆಯ ಬಾಗಿಲಿಗೆ ಹೋಗಿ ಕೇಳಬಹುದು. ಆ ಹೆಸರೇ ಇಲ್ಲದಿದ್ದರೆ ಯಾರಿಗೆ ಗೊತ್ತಾಗುತ್ತದೆ?

ಮನೆಯಲ್ಲಿ ಪ್ರೀತಿಯಿಂದ ಕಲಿಸುವವರನ್ನು ನಾನು ದೂಷಿಸುತ್ತಿಲ್ಲ. ಆದರೆ ‘ಸರ್ಕಾರ ನಮ್ಮನ್ನು ಕೇಳಲೇಬಾರದು’ ಎಂದು ಕೆಲವು ಮನೆಶಾಲೆಯ ಪೋಷಕರು ಹೇಳುವುದನ್ನು ಕೇಳಿದ್ದೇನೆ, ಅದನ್ನು ಒಪ್ಪಲಾರೆ. ನಿಮ್ಮ ಮಕ್ಕಳಿಗೆ ಆ ಕೇಳುವಿಕೆ ಬೇಕಾಗಿಲ್ಲದಿರಬಹುದು, ನಮ್ಮ ಹುಡುಗಿಯರಿಗೆ ಬೇಕು.

ನ್ಯೂಯಾರ್ಕ್ ರಾಜ್ಯದಲ್ಲಿ ನೆಲೆಸಿರುವ ಕನ್ನಡಿಗ

ಕಲಬುರಗಿಯ ಅಕ್ಕನವರ ಮಾತಿಗೆ ನಮ್ಮ ಅನುಭವ ಹೊಂದುವುದರಿಂದ ಬರೆಯುತ್ತಿದ್ದೇನೆ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಮನೆಶಾಲೆಗೆ ಅನುಮತಿಯಿದೆ, ನಿಯಮಗಳು ಮಾತ್ರ ಒಂದೊಂದು ಕಡೆ ಒಂದೊಂದು. ಟೆಕ್ಸಾಸ್‌ನಲ್ಲಿ ಸರ್ಕಾರಕ್ಕೆ ತಿಳಿಸಬೇಕಾಗಿಯೇ ಇಲ್ಲ. ನಾವಿರುವ ನ್ಯೂಯಾರ್ಕ್‌ನಲ್ಲಿ ಪ್ರತಿವರ್ಷ ಜುಲೈ 1ರೊಳಗೆ ಶಾಲಾ ಜಿಲ್ಲೆಗೆ, ಅಂದರೆ ಊರಿನ ಸರ್ಕಾರಿ ಶಾಲೆಗಳ ಆಡಳಿತಕ್ಕೆ ಪತ್ರ ಬರೆಯಬೇಕು, ಮಗುವಿಗೆ ಏನು ಕಲಿಸುತ್ತೇವೆಂಬ ಯೋಜನೆ ಕೊಡಬೇಕು, ಮೂರು ತಿಂಗಳಿಗೊಮ್ಮೆ ವರದಿ ಸಲ್ಲಿಸಬೇಕು, ವರ್ಷದ ಕೊನೆಗೆ ಮೌಲ್ಯಮಾಪನ ಆಗಬೇಕು. ಆರನೆಯ ತರಗತಿಯವರೆಗೆ ವರ್ಷಕ್ಕೆ 900 ಗಂಟೆ ಕಲಿಸಬೇಕು. ಮೊದಲ ವರ್ಷ ಈ ಕಾಗದಪತ್ರ ನನಗೆ ಕಿರಿಕಿರಿ ಅನ್ನಿಸಿತ್ತು. ಈಗ ಹಿಂದಿನ ವರದಿಗಳನ್ನು ತೆರೆದು ನೋಡಿದರೆ ಮಗಳ ಬೆಳವಣಿಗೆಯ ದಿನಚರಿಯೇ ನಮ್ಮ ಕೈಯಲ್ಲಿದೆ.

ನಮ್ಮ ಮನೆಗೆ ಆದ ಅತಿ ದೊಡ್ಡ ಲಾಭ ಕನ್ನಡ. ಇಲ್ಲಿ ಬಹುತೇಕ ಕನ್ನಡದ ಮನೆಗಳಲ್ಲಿ ಮಗು ಶಾಲೆಗೆ ಹೋಗತೊಡಗಿದ ಒಂದೆರಡು ವರ್ಷದಲ್ಲಿ ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷ್‌ನಲ್ಲಿ ಉತ್ತರ ಬರುತ್ತದೆ. ದಿನದ ಎಚ್ಚರದ ಗಂಟೆಗಳೆಲ್ಲ ಇಂಗ್ಲಿಷ್‌ನಲ್ಲಿ ಕಳೆಯುವ ಮಗುವಿಗೆ ವಾರಕ್ಕೊಂದು ಗಂಟೆಯ ಕನ್ನಡ ಶಾಲೆ ಸಾಕಾಗುವುದಿಲ್ಲ. ನಮ್ಮ ಮಗಳಿಗೆ ಈಗ ಹನ್ನೊಂದು ವರ್ಷ. ದಾವಣಗೆರೆಯ ಅಜ್ಜನೊಡನೆ ಪ್ರತಿ ದಿನ ಬೆಳಿಗ್ಗೆ ಅರ್ಧ ಗಂಟೆ ಫೋನಿನಲ್ಲಿ ಓದುತ್ತಾಳೆ. ಇಲ್ಲಿ ಬೆಳಿಗ್ಗೆ ಎಂಟಾದಾಗ ಅಲ್ಲಿ ಸಂಜೆಯಾಗಿರುತ್ತದೆ, ಶಾಲೆಗೆ ಹೋಗುವ ಮಗುವಿಗೆ ಆ ಹೊತ್ತು ಸಿಗುವುದಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಪುಸ್ತಕಗಳನ್ನು ಇಳಿಸಿಕೊಂಡು ಈಗ ಐದನೆಯ ತರಗತಿಯ ಕನ್ನಡ ಪುಸ್ತಕದಲ್ಲಿದ್ದಾಳೆ.

ಸಾಗರ ತಾಲ್ಲೂಕಿನಿಂದ, ಇಬ್ಬರು ಮಕ್ಕಳ ತಾಯಿ

ಮೇಷ್ಟ್ರ ಮಾತನ್ನೂ ಕಲಬುರಗಿಯ ಅಕ್ಕನವರ ಮಾತನ್ನೂ ಎರಡೆರಡು ಸಲ ಓದಿದೆ. ಬಿಸಿಯೂಟದ ಸಾಲಿಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ನಮ್ಮ ಮಕ್ಕಳು ತೋಟದ ಕೆಲಸಕ್ಕೆ ಬರುವವರ ಮಕ್ಕಳೊಡನೆ ಆಡಿ ಬೆಳೆದಿದ್ದಾರೆ, ಅವರ ಮನೆಯಲ್ಲಿ ಉಂಡಿದ್ದಾರೆ, ಆದರೆ ಅದೂ ನಮ್ಮ ತೋಟ, ಅವರ ಕೂಲಿ ಎಂಬ ಅಂತರದ ನಡುವೆಯೇ ನಡೆದದ್ದು. ಇದನ್ನು ತಿಳಿದ ಮೇಲೆ ಮಗನನ್ನು ಊರಿನ ಸರ್ಕಾರಿ ಶಾಲೆಯ ಕಬಡ್ಡಿ ಅಭ್ಯಾಸಕ್ಕೆ ಸೇರಿಸಿಕೊಳ್ಳಲು ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡೆವು, ಅವರು ದೊಡ್ಡ ಮನಸ್ಸಿನಿಂದ ಒಪ್ಪಿದರು. ಮನೆಯಲ್ಲಿ ಕಲಿಯುವ ಮಕ್ಕಳಿಗೆ ಊರಿನ ಶಾಲೆಯ ಆಟ, ಗ್ರಂಥಾಲಯ, ಪ್ರಯೋಗಾಲಯಗಳು ವಾರಕ್ಕೆ ಎರಡು ದಿನವಾದರೂ ತೆರೆದಿರುವಂತೆ ಸರ್ಕಾರ ನಿಯಮ ಮಾಡಬೇಕು, ಅದರ ಜೊತೆಗೇ ನಮ್ಮ ಮಕ್ಕಳ ಹೆಸರೂ ಒಂದು ಪುಸ್ತಕದಲ್ಲಿರಬೇಕು ಎಂಬುದು ನನ್ನ ಬೇಡಿಕೆ. ಅಕ್ಕನವರು ಹೇಳಿದ ಆ ಕೇಳುವಿಕೆಗೆ ನಾನು ಸಿದ್ಧಳಿದ್ದೇನೆ. ವರ್ಷಕ್ಕೆರಡು ಸಲ ಯಾರಾದರೂ ಬಂದು ಮಗುವನ್ನು ಮಾತನಾಡಿಸಿ ಹೋದರೆ ಒಳ್ಳೆಯ ಮನೆಗೆ ನಷ್ಟವೇನಿದೆ?

ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಶಿಕ್ಷಣದ ಪ್ರಯೋಗ ನಡೆಸಿದರು, 1930ರ ದಶಕದಲ್ಲೇ ಮಕ್ಕಳಿಗಾಗಿ ಮೂರು ಸಂಪುಟಗಳ ವಿಶ್ವಕೋಶವನ್ನು ಕನ್ನಡದಲ್ಲಿ ಬರೆದರು. ಮಗು ತಾನೇ ನೋಡಿ, ಮುಟ್ಟಿ ಕಲಿಯಬೇಕೆಂಬ ವಿಚಾರ ನಮ್ಮ ನೆಲಕ್ಕೆ ಹೊಸದಲ್ಲ ಎಂದು ಅತ್ತೆಯವರಿಗೆ ಹೇಳಿ ತಂಗೀ.

ಕುಟುಂಬಕ್ಕೆ ಆದ ಲಾಭವನ್ನು ಮೊದಲ ಪತ್ರದಲ್ಲಿ ಬರೆಯಲಿಲ್ಲ, ಬರೆಯಲು ಮನಸ್ಸು ಗಟ್ಟಿಯಿರಲಿಲ್ಲ. ನಮ್ಮ ಮಾವನವರು ಕೊನೆಯ ನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದರು. ಮಕ್ಕಳಿಬ್ಬರೂ ಹಗಲೆಲ್ಲ ಮನೆಯಲ್ಲಿದ್ದರು. ಮಗಳು ಔಷಧಿಯ ಹೊತ್ತನ್ನು ಬರೆದಿಡುತ್ತಿದ್ದಳು, ಮಗ ಅಜ್ಜನ ಕಾಲು ಒತ್ತುತ್ತಾ ಅವರ ಬಾಯಿಂದ ಊರಿನ ಹಳೆಯ ಕಥೆ ಕೇಳುತ್ತಿದ್ದ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಯಾವ ಯಾವ ಮನೆಯವರು ಎಲ್ಲಿಂದ ಎದ್ದು ಎಲ್ಲಿಗೆ ಹೋದರು ಎಂಬುದನ್ನು ಅಜ್ಜ ಹೇಳಿದಂತೆ ಒಂದು ನಕ್ಷೆ ಬರೆದಿದ್ದಾನೆ. ಮಾವನವರು ಹೋದ ದಿನ ಮಕ್ಕಳು ಪಕ್ಕದಲ್ಲಿದ್ದರು. ಅವರಿಗೆ ಸಾವು ಎಂದರೇನೆಂದು ನಾನು ಆಮೇಲೆ ವಿವರಿಸಬೇಕಾಗಲಿಲ್ಲ.

ಬೆಲೆಯನ್ನೂ ಹೇಳುತ್ತೇನೆ. ನಾನು ಶಾಲಾ ಶಿಕ್ಷಕಿಯ ಕೆಲಸ ಬಿಟ್ಟೆ, ಆ ಸಂಬಳ ಹೋಯಿತು. ಒಂಬತ್ತು ವರ್ಷದಲ್ಲಿ ನನ್ನದೇ ಎನ್ನುವ ಹಗಲು ನನಗೆ ಅಪರೂಪಕ್ಕೆ ಸಿಕ್ಕಿದೆ. ನಿಮ್ಮ ಯಜಮಾನರು ‘ನೀನೇ ನೋಡಿಕೋ’ ಎಂದು ಒಪ್ಪಿದ್ದರೆ ಅದನ್ನು ಒಪ್ಪಿಗೆ ಎಂದು ತಿಳಿಯಬೇಡಿ. ಪಾಳಿ ಮುಗಿಸಿ ಬಂದ ಮೇಲೆ ದಿನಕ್ಕೆ ಒಂದು ಗಂಟೆ ಮಗನ ಜೊತೆ ಅವರು ಕೂರುತ್ತಾರೆಯೇ ಎಂದು ಕೇಳಿ. ಕೂರುತ್ತೇನೆ ಎಂದರೆ ಮಾತ್ರ ಮುಂದುವರಿಯಿರಿ.

ಮೈಸೂರಿನ ತಾಯಿ

ಏಳು ವಾರದ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರ ಪತ್ರಗಳನ್ನೂ ಯಜಮಾನರಿಗೆ ಓದಿ ಹೇಳಿದೆ. ಅಕ್ಕನವರು ಕೇಳಲು ಹೇಳಿದ ಪ್ರಶ್ನೆಯನ್ನು ಕೇಳಿದೆ. ಅವರು ಎರಡು ದಿನ ಯೋಚಿಸಿ, ಲೆಕ್ಕ ಮತ್ತು ಸೈಕಲ್ ರಿಪೇರಿ ತಮ್ಮ ಪಾಲಿಗಿರಲಿ ಎಂದರು. ಮಗನ ಬಳಿ ನಿಧಾನವಾಗಿ ಮಾತನಾಡಿದಾಗ ಹೊಟ್ಟೆನೋವಿನ ಕಾರಣವೂ ಹೊರಬಂತು. ಸೋಮವಾರ ಮೊದಲ ಪೀರಿಯಡ್‌ನಲ್ಲಿ ಎಲ್ಲರೆದುರು ನಿಂತು ಓದಬೇಕಿತ್ತು, ತಪ್ಪಿದರೆ ತರಗತಿ ಮುಗಿಯುವವರೆಗೆ ನಿಂತೇ ಇರಬೇಕಿತ್ತು. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ ಎಂದು ತಿಳಿದುಕೊಂಡು ಹೋಗಿ ಶಾಲೆಯಲ್ಲಿ ಹೇಳಿದೆ. ಅವರು ಕೇಳಿಸಿಕೊಂಡರು, ಅಷ್ಟೆ.

ಬೇಸಿಗೆ ರಜೆಯನ್ನೇ ಪ್ರಯೋಗಕ್ಕೆ ಬಳಸಿಕೊಂಡೆವು. ಮೊದಲ ಎರಡು ವಾರ ಏನನ್ನೂ ಕಲಿಸಲಿಲ್ಲ. ಮೂರನೆಯ ವಾರ ಅವನೇ ಒಂದು ನೋಟ್‌ಬುಕ್ ಕೇಳಿದ. ಕಾರಂಜಿಕೆರೆಯಲ್ಲಿ ಬೆಳಿಗ್ಗೆ ಎಷ್ಟು ಹೆಜ್ಜಾರ್ಲೆ, ಎಷ್ಟು ನೀರುಕಾಗೆ, ಎಷ್ಟು ಬಣ್ಣದ ಕೊಕ್ಕರೆ ಎಂದು ಬರೆದು, ಹಿಂದಿನ ದಿನಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಕಳೆದು ನೋಡುತ್ತಾನೆ. ಎರವಲು ತೆಗೆದು ಕಳೆಯುವ ಲೆಕ್ಕ ಅವನಿಗೆ ಬರುವುದಿಲ್ಲ ಎಂದು ಅಂಕಪಟ್ಟಿಯಲ್ಲಿ ಬರೆದಿತ್ತು. ಅತ್ತೆಯವರು ಮೊನ್ನೆ ತಾವಾಗಿಯೇ ಅವನ ಜೊತೆ ಕೆರೆಗೆ ಹೋಗಿ ಬಂದರು. ಹಾಗೆಂದು ಅವರು ಒಪ್ಪಿದ್ದಾರೆ ಎಂದಲ್ಲ.

ಮೇಷ್ಟ್ರು ಹೇಳಿದಂತೆ ನಮ್ಮ ಬಡಾವಣೆಯ ಸರ್ಕಾರಿ ಶಾಲೆಗೂ ಹೋಗಿ ಬಂದೆ. ನಲಿ–ಕಲಿ ಕೊಠಡಿ ನನಗೆ ತುಂಬ ಹಿಡಿಸಿತು. ನಾಲ್ಕನೆಯ ತರಗತಿಗೆ ಆ ಪದ್ಧತಿ ಇಲ್ಲವೆಂದರು, ಆದರೆ ಶಿಕ್ಷಕಿ ಶನಿವಾರದ ಆಟಕ್ಕೆ ಮಗನನ್ನು ಕಳಿಸಲು ಹೇಳಿದ್ದಾರೆ. ಒಂದು ವರ್ಷ ಮನೆಯಲ್ಲಿ ಕಲಿಸುವುದೆಂದು ತೀರ್ಮಾನಿಸಿದ್ದೇವೆ. ಮುಂದಿನ ಮೇ ತಿಂಗಳಲ್ಲಿ ಅವನನ್ನೇ ಕೇಳಿ, ಬೇಕೆಂದರೆ ಅದೇ ಸರ್ಕಾರಿ ಶಾಲೆಯಲ್ಲಿ ಐದನೆಯ ತರಗತಿಗೆ ಸೇರಿಸುತ್ತೇವೆ. ವರ್ಗಾವಣೆ ಪತ್ರ ಪಡೆದು ಜೋಪಾನವಾಗಿ ಇಟ್ಟಿದ್ದೇನೆ.

ಅಕ್ಕಾ, ಒಂದೇ ಪ್ರಶ್ನೆ ಉಳಿದಿದೆ. ಮಕ್ಕಳ ದಿನದಿನದ ಕಲಿಕೆಗೆ ದಾಖಲೆಯ ಪುಸ್ತಕ ಇಡುವುದಾದರೆ ಅದನ್ನು ನೀವು ಹೇಗೆ ಬರೆಯುತ್ತೀರಿ?

ಸಾಗರ ತಾಲ್ಲೂಕಿನಿಂದ, ಇಬ್ಬರು ಮಕ್ಕಳ ತಾಯಿ

ಸಾಮಾನ್ಯ 200 ಪುಟದ ನೋಟ್‌ಬುಕ್ ಸಾಕು. ಎಡಗಡೆಯ ಪುಟದಲ್ಲಿ ತಾರೀಖು ಹಾಕಿ ಆ ದಿನ ಅವನು ಏನು ಮಾಡಿದ ಎಂದು ಮೂರು ನಾಲ್ಕು ಸಾಲು ಬರೆಯಿರಿ, ‘ಏನು ಕಲಿಸಿದೆ’ ಎಂದು ಬರೆಯಬೇಡಿ. ಬಲಗಡೆಯ ಪುಟವನ್ನು ಅವನಿಗೆ ಬಿಡಿ, ಚಿತ್ರವನ್ನೋ ಲೆಕ್ಕವನ್ನೋ ಅವನೇ ತುಂಬಲಿ. ತಿಂಗಳ ಕೊನೆಯ ಭಾನುವಾರ ಯಜಮಾನರು ಓದಿ ಸಹಿ ಹಾಕಲಿ. ಮೊದಲ ಪುಟದಲ್ಲಿ ಕಾರಂಜಿಕೆರೆಯ ಹಕ್ಕಿಗಳ ಲೆಕ್ಕವನ್ನೇ ಅಂಟಿಸಿಬಿಡಿ.